ಶನಿವಾರದ ಆರ್ಗನ್ ಸುತ್ತಾಟ

ಚರ್ಚಿನಲ್ಲಿ ಆರ್ಗನ್ ನುಡಿಸುವವರಿಗೆ ಒಂದು ವಿಚಿತ್ರ ತೊಂದರೆ ಇದೆ. ಇನ್ನೊಬ್ಬರು ನುಡಿಸುವುದನ್ನು ಕೇಳುವ ಅವಕಾಶವೇ ಸಿಗುವುದಿಲ್ಲ. ಭಾನುವಾರ ಬೆಳಿಗ್ಗೆ ಎಲ್ಲರೂ ಅವರವರ ಚರ್ಚಿನಲ್ಲಿ, ಅವರವರ ಬೆಂಚಿನ ಮೇಲೆ. ಒಂದು ಸ್ವರ ತಪ್ಪಿದರೆ ಅರ್ಧ ಸಭೆ ತಿರುಗಿ ನೋಡುತ್ತದೆ. ಸರಿಯಾಗಿ ನುಡಿಸಿದರೆ ಯಾರೂ ಏನೂ ಹೇಳುವುದಿಲ್ಲ. ಹೀಗೆ ವರ್ಷಗಟ್ಟಲೆ ಒಬ್ಬರೇ ನುಡಿಸುತ್ತಾ ಹೋದರೆ ತಾನು ಮಾಡುತ್ತಿರುವುದು ಸರಿಯೋ ತಪ್ಪೋ ಅನ್ನುವುದೇ ತಿಳಿಯುವುದಿಲ್ಲ.

ಮುಂಬೈನಲ್ಲಿ ನಾವು ಕೆಲವರು ಸೇರಿ ಗುಂಪು ಕಟ್ಟಿಕೊಂಡಿದ್ದು ಇದೇ ಕಾರಣಕ್ಕೆ. ಆಗಾಗ ಒಂದು ಶನಿವಾರ ಬೇರೆ ಬೇರೆ ಚರ್ಚುಗಳಿಗೆ ಸುತ್ತಿ, ಅಲ್ಲಿನ ಆರ್ಗನ್ ನುಡಿಸಿ, ಒಬ್ಬರು ನುಡಿಸುವುದನ್ನು ಇನ್ನೊಬ್ಬರು ಕೇಳುತ್ತೇವೆ. ಲಂಡನ್‌ನಲ್ಲಿ ಆರ್ಗನಿಸ್ಟರ ರಾಯಲ್ ಕಾಲೇಜು 1864ರಿಂದ ಇದೆ, ಅಮೆರಿಕದಲ್ಲಿ ಆರ್ಗನಿಸ್ಟರ ಸಂಘ, ಅಂದರೆ ಗಿಲ್ಡ್, 1896ರಿಂದ ಇದೆ. ನಮ್ಮದು ಅಂಥ ದೊಡ್ಡ ವ್ಯವಹಾರವಲ್ಲ. ಅಧ್ಯಕ್ಷರಿಲ್ಲ, ಖಜಾಂಚಿ ಇಲ್ಲ, ವಾರ್ಷಿಕ ವರದಿಯಂತೂ ಇಲ್ಲವೇ ಇಲ್ಲ. ಒಂದು ನೋಟ್‌ಬುಕ್ ಇದೆ. ಯಾವ ಚರ್ಚಿನಲ್ಲಿ ಯಾವ ವಾದ್ಯ ಇದೆ, ಅದರ ಸ್ಥಿತಿ ಹೇಗಿದೆ, ಬೀಗದ ಕೈ ಯಾರ ಹತ್ತಿರ ಇರುತ್ತದೆ ಅನ್ನುವುದನ್ನು ಅದರಲ್ಲಿ ಬರೆದಿಟ್ಟಿದ್ದೇವೆ. ಬೀಗದ ಕೈ ವಿಷಯ ತಮಾಷೆಯಲ್ಲ. ಸ್ವರಪಟ್ಟಿ ಮುಚ್ಚಳದ ಬೀಗದ ಕೈ ಕಳೆದುಹೋಗಿ ಸುಮ್ನೆ ಕೂತಿರುವ ವಾದ್ಯಗಳು ಎಷ್ಟೋ ಇವೆ.

ಗುಂಪಿನಲ್ಲಿ ಕನ್ನಡದವರು ಜಾಸ್ತಿ. ಕರಾವಳಿಯಿಂದ ಬಂದ ನನ್ನಂಥವರು, ಹುಬ್ಬಳ್ಳಿ, ಬೆಟಗೇರಿ ಕಡೆಯವರು. ಜೊತೆಗೆ ಇಬ್ಬರು ಮರಾಠಿಯವರು, ಬಾಂದ್ರಾದ ಒಬ್ಬ ಗೋವಾ ಅಂಕಲ್. ನಮ್ಮಲ್ಲಿ ಬಹಳ ಮಂದಿ ಭಾನುವಾರ ನುಡಿಸುವುದು ಸಾಲು ಸಾಲು ಪೈಪುಗಳಿಗೆ ಗಾಳಿ ಊದಿ ದನಿ ತೆಗೆಯುವ ಪೈಪ್ ಆರ್ಗನ್ ಅಲ್ಲ, ಯಮಹಾ ಕೀಬೋರ್ಡ್. ಕೆಲವರ ಸಭೆಯಲ್ಲಿ ಕಾಲಲ್ಲಿ ತಿದಿ ಒತ್ತುವ ಹಳೆಯ ರೀಡ್ ಆರ್ಗನ್ ಇನ್ನೂ ಇದೆ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಜರ್ಮನ್ ರಾಗಗಳಿಗೆ ಕನ್ನಡದ ಹಾಡುಗಳು ಹುಟ್ಟಿಕೊಂಡವು. ಆ ಹಾಡುಗಳೇ ನಮ್ಮವರ ಜೊತೆ ಮುಂಬೈಗೂ ಬಂದಿವೆ. ನಾಲ್ಕು ಧ್ವನಿಗಳಲ್ಲಿ ಹಾಡಲು ಕಟ್ಟಿದ ರಾಗಗಳು ಅವು. ಕೀಬೋರ್ಡಿನ ತಾಳದ ಬಟನ್ ಒತ್ತಿ ಬಿಟ್ಟರೆ ಅವು ಕೆಟ್ಟೇ ಹೋಗುತ್ತವೆ. ಇದು ನನ್ನ ಅಭಿಪ್ರಾಯ, ಗುಂಪಿನಲ್ಲಿ ಒಪ್ಪದವರೂ ಇದ್ದಾರೆ.

ಸುತ್ತಾಟಕ್ಕೆ ದಿನ ಗೊತ್ತುಮಾಡುವುದೇ ಒಂದು ಸರ್ಕಸ್. ಭಾನುವಾರ ನಮಗೆ ಕೆಲಸ, ಅದರ ಮೇಲೆ ಹಳಿ ರಿಪೇರಿಗೆ ಲೋಕಲ್ ನಿಲ್ಲಿಸುವ ರೈಲಿನವರ ಮೆಗಾ ಬ್ಲಾಕ್. ಶನಿವಾರ ಮಧ್ಯಾಹ್ನದ ಮೇಲೆ ಮದುವೆಗಳು. ಉಳಿಯುವುದು ಶನಿವಾರ ಬೆಳಿಗ್ಗೆ. ಡಿಸೆಂಬರ್ ಕೇಳಲೇಬೇಡಿ, ಕ್ರಿಸ್ಮಸ್ ತಯಾರಿ. ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲದಲ್ಲಿ ಕ್ಯಾಥೊಲಿಕ್ ಚರ್ಚುಗಳಲ್ಲಿ ಆರ್ಗನ್ ಇರುವುದು ಹಾಡಿಗೆ ಆಸರೆ ಕೊಡಲು ಮಾತ್ರ, ಒಂಟಿಯಾಗಿ ನುಡಿಸುವಂತಿಲ್ಲ. ಆ ಹೊತ್ತಿಗೆ ಹೋಗಿ 'ಸ್ವಲ್ಪ ನುಡಿಸಿ ನೋಡ್ತೇವೆ' ಅಂದರೆ ಪಾದ್ರಿಗಳಿಗೆ ಮುಜುಗರ. ಮಳೆಗಾಲದಲ್ಲಿ ಮರ ಊದಿಕೊಂಡು ಬೆರಳಲ್ಲಿ ಒತ್ತುವ ಕೀಲಿಗಳು ಸಿಕ್ಕಿಕೊಳ್ಳುತ್ತವೆ. ಕೊನೆಗೆ ನಮಗೆ ಸಿಗುವುದು ಜನವರಿ, ಈಸ್ಟರ್ ಮುಗಿದ ಮೇಲಿನ ಕೆಲವು ವಾರ, ಆಮೇಲೆ ಮಳೆ ಬಿಟ್ಟ ಅಕ್ಟೋಬರ್, ನವೆಂಬರ್.

ಅನುಮತಿಗೆ ಫೋನ್ ಸಾಲದು. ಕಾಗದದ ಮೇಲೆ ಪತ್ರ ಬರೆದು ಕೈಯಾರೆ ಕೊಟ್ಟು ಬರುತ್ತೇವೆ. ಪತ್ರದಲ್ಲಿ ಮೂರು ಮಾತು ಇರಲೇಬೇಕು: ನಾವೆಲ್ಲ ಚರ್ಚುಗಳಲ್ಲಿ ನುಡಿಸುವವರು, ವಾದ್ಯದ ಒಳಗೆ ಕೈ ಹಾಕುವುದಿಲ್ಲ, ನಿಮ್ಮ ಆರ್ಗನಿಸ್ಟ್ ಜೊತೆಗಿದ್ದರೆ ನಮಗೆ ಸಂತೋಷ. ಮೂರನೆಯದು ಬಹಳ ಮುಖ್ಯ. ಅಲ್ಲಿ ಮೂವತ್ತು ವರ್ಷದಿಂದ ನುಡಿಸುತ್ತಿರುವವರನ್ನು ಬಿಟ್ಟು ನೇರವಾಗಿ ಪಾದ್ರಿಗಳ ಹತ್ತಿರ ಹೋದರೆ ಅವರಿಗೆ ಬೇಜಾರಾಗುತ್ತದೆ. ಆಗುವುದೇ ಸರಿ. ಅವರೇ ಬಂದು ನಿಂತರೆ ಯಾವ ಸ್ಟಾಪ್ (ಒಂದೊಂದು ಸಾಲು ಪೈಪುಗಳಿಗೆ ಗಾಳಿ ಬಿಡುವ ಗುಂಡಿ) ಎಳೆಯಬಾರದು, ಯಾವ ಕೀಲಿ ಅಂಟಿಕೊಳ್ಳುತ್ತದೆ ಅನ್ನುವುದೆಲ್ಲ ಮೊದಲೇ ತಿಳಿಯುತ್ತದೆ. ಹೊರಡುವಾಗ ಕಾಣಿಕೆ ಡಬ್ಬಿಗೆ ಎಲ್ಲರೂ ಹಾಕುತ್ತೇವೆ. ಬಾಗಿಲು ತೆಗೆದ ಕಾವಲುಗಾರರನ್ನೂ ಮರೆಯುವುದಿಲ್ಲ.

ದಕ್ಷಿಣ ಮುಂಬೈಗೆ ಹೋದರೆ ನೋಡುವುದಕ್ಕೆ ಬೇಕಾದಷ್ಟಿದೆ. ಕೊಲಾಬಾದ ಹೋಲಿ ನೇಮ್ ಕ್ಯಾಥೆಡ್ರಲ್ ಗೋಡೆಚಿತ್ರಗಳಿಗೂ ಪೈಪ್ ಆರ್ಗನ್‌ಗೂ ಹೆಸರಾದದ್ದು. ಫೋರ್ಟಿನ ಸೇಂಟ್ ಥಾಮಸ್ ಕ್ಯಾಥೆಡ್ರಲ್ 1718ರ ಕ್ರಿಸ್ಮಸ್ ದಿನ ಆರಾಧನೆಗೆ ತೆರೆದದ್ದು. ಚರ್ಚ್‌ಗೇಟ್ ಸ್ಟೇಷನ್ನಿಗೆ ಆ ಹೆಸರು ಬಂದಿದ್ದು ಅದೇ ಚರ್ಚಿನಿಂದ. ಅಫ್ಘಾನ್ ಚರ್ಚಿನ ಬೆಂಚುಗಳಲ್ಲಿ ಸೈನಿಕರು ಬಂದೂಕು ನಿಲ್ಲಿಸಲು ಮಾಡಿದ ಕಚ್ಚುಗಳಿವೆ. ನಮ್ಮ ಮಾಸ್ತರು ಅದನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದರು.

ಈ ಮಾಸ್ತರ ಬಗ್ಗೆ ಹೇಳಬೇಕು. ಬೆಟಗೇರಿ ಮೂಲ, ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಹಾರ್ಮೋನಿಯಂ, ಕೀಬೋರ್ಡ್ ಎರಡೂ ಬಲ್ಲವರು. ಹಳೆಯ ಚರ್ಚೊಂದರಲ್ಲಿ ಮೊದಲ ಸಲ ಪೈಪ್ ಆರ್ಗನ್ ಬೆಂಚಿನ ಮೇಲೆ ಕೂತರು. ಎದುರಿಗೆ ಎರಡು ಸಾಲು ಕೀಲಿ, ಕೆಳಗೆ ಕಾಲಿಗೆ ಮರದ ಪೆಡಲ್‌ಗಳ ಮೂರನೆಯ ಸಾಲು. ಅದನ್ನು ನೋಡಿ, 'ಅಕ್ಕಾರ, ಕಾಲಿಗೂ ಡ್ಯೂಟಿ ಹಚ್ಚ್ಯಾರಲ್ರೀ ಇಲ್ಲಿ' ಅಂದರು. ಆಮೇಲೆ ಒಂದು ಸ್ಟಾಪ್ ಎಳೆದು ನುಡಿಸಲು ಶುರುಮಾಡಿದರು. ಜೋರಾಗಿ ಬರಲಿ ಅಂತ ಕೀಲಿಗಳನ್ನು ಗಟ್ಟಿಯಾಗಿ ಒತ್ತಿದರು. ದನಿ ಒಂದಿಷ್ಟೂ ಏರಲಿಲ್ಲ.

ಕೀಬೋರ್ಡಿನಿಂದ ಬಂದವರಿಗೆ ಅರ್ಥವಾಗಬೇಕಾದ ಮೊದಲ ಸಂಗತಿ ಇದೇ. ಆರ್ಗನ್ನಿನಲ್ಲಿ ಬೆರಳಿನ ಬಲಕ್ಕೆ ಬೆಲೆಯಿಲ್ಲ. ಕೀಲಿ ಒತ್ತಿದರೆ ಪೈಪಿನ ಬಾಯಿಗೆ ಗಾಳಿ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಅಷ್ಟೇ. ದನಿ ಹೆಚ್ಚು ಬೇಕಾದರೆ ಇನ್ನೊಂದು ಸ್ಟಾಪ್ ಎಳೆಯಬೇಕು. ಸ್ಟಾಪಿನ ಗುಂಡಿಯ ಮೇಲೆ 8 ಅಂತ ಇದ್ದರೆ ಅದರ ಅತಿ ತಗ್ಗಿನ ಸ್ವರದ ತೆರೆದ ಪೈಪು ಸುಮಾರು 8 ಅಡಿ ಉದ್ದ. 4 ಅಂದರೆ ಒಂದು ಸಪ್ತಕ ಮೇಲೆ, 16 ಅಂದರೆ ಒಂದು ಸಪ್ತಕ ಕೆಳಗೆ. ಪೈಪಿನ ತುದಿ ಮುಚ್ಚಿದ್ದರೆ ಅರ್ಧ ಉದ್ದದಲ್ಲೇ ಅದೇ ಸ್ವರ ಬರುತ್ತದೆ. ಜಾಗ ಕಡಿಮೆ ಇರುವ ಚರ್ಚುಗಳಲ್ಲಿ ಇದೇ ಉಪಾಯ.

ಬೆರಳನ್ನು ಬಿಡುವುದು ಒತ್ತುವಷ್ಟೇ ಮುಖ್ಯ. ರಾಗದಲ್ಲಿ ಒಂದೇ ಸ್ವರ ಎರಡು ಸಲ ಬಂದರೆ ನಡುವೆ ಕೀಲಿಯನ್ನು ಪೂರ್ತಿ ಬಿಡಬೇಕು. ಇಲ್ಲದಿದ್ದರೆ ಕೆಳಗೆ ಕೂತವರಿಗೆ ಅದು ಒಂದೇ ಉದ್ದ ಸ್ವರ. ಎಲ್ಲ ಬೆರಳುಗಳನ್ನೂ ಒಟ್ಟಿಗೆ ಎತ್ತಿದರೆ ಹಾಡು ತುಂಡುತುಂಡಾಗುತ್ತದೆ. ಮೇಲಿನ ರಾಗದ ಬೆರಳು ಮಾತ್ರ ಎತ್ತಿ, ಒಳಗಿನ ಧ್ವನಿಗಳನ್ನು ಹಿಡಿದಿಡಬೇಕು. ಮಾಸ್ತರು ಇದನ್ನು ಬಾಂದ್ರಾ ಅಂಕಲ್ ಹತ್ತಿರ ಕಲಿತರು. ಅಂಕಲ್‌ಗೆ ಕನ್ನಡ ಬರುವುದಿಲ್ಲ, ಮಾಸ್ತರಿಗೆ ಕೊಂಕಣಿ ಬರುವುದಿಲ್ಲ. ಇಬ್ಬರೂ ಒಡಕು ಹಿಂದಿಯಲ್ಲಿ ಜಗಳ ಆಡಿಕೊಂಡೇ ಕಲಿಸಿದರು, ಕಲಿತರು.

ನಮ್ಮಲ್ಲಿ ಒಂದು ನಿಯಮ ಮಾಡಿಕೊಂಡಿದ್ದೇವೆ. ಯಾರು ನುಡಿಸಿದರೂ ಉಳಿದವರು ಮೇಲೆ ಸುತ್ತ ನಿಂತು ನೋಡಬಾರದು, ಕೆಳಗೆ ಹೋಗಿ ಸಭೆಯವರು ಕೂರುವ ಬೆಂಚಿನಲ್ಲಿ ಕೂರಬೇಕು. ಅಲ್ಲಿಂದಲೇ ಹಾಡಬೇಕು. ಇಡೀ ಸುತ್ತಾಟದಲ್ಲಿ ಇದಕ್ಕಿಂತ ಉಪಯೋಗದ ಕೆಲಸ ಇನ್ನೊಂದಿಲ್ಲ ಅಂತ ನನಗನ್ನಿಸಿದೆ. ಲೆಕ್ಕ ಹಾಕಿ ನೋಡಿ. ಆರ್ಗನ್ ಹಿಂದಿನ ಮಾಳಿಗೆಯ ಮೇಲಿದ್ದು ಮುಂದಿನ ಸಾಲು 30 ಮೀಟರ್ ದೂರದಲ್ಲಿದೆ ಅಂತಿಟ್ಟುಕೊಳ್ಳಿ. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಆರ್ಗನ್ ದನಿ ಅಲ್ಲಿಗೆ ತಲುಪಲು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಬೇಕು. ಅವರ ಹಾಡು ವಾಪಸ್ ಬರಲು ಮತ್ತೆ ಅಷ್ಟೇ. ಅಂದರೆ ನುಡಿಸುವವರಿಗೆ ಸಭೆ ಯಾವಾಗಲೂ ಹಿಂದೆ ಬಿದ್ದಂತೆಯೇ ಕೇಳಿಸುತ್ತದೆ. ಪಾಪ ಅಂತ ಕಾದರೆ ಮುಗಿಯಿತು. ನೀವು ಕಾಯುತ್ತೀರಿ, ಅವರು ನಿಮ್ಮನ್ನು ಕೇಳಿ ಇನ್ನೂ ನಿಧಾನ ಮಾಡುತ್ತಾರೆ, ನೀವು ಮತ್ತೆ ಕಾಯುತ್ತೀರಿ. ಐದನೇ ಚರಣದ ಹೊತ್ತಿಗೆ ಹಾಡು ಕರ್ಜತ್ ಘಾಟಿ ಹತ್ತುವ ಗೂಡ್ಸ್ ಗಾಡಿ.

ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಕೆಳಗೆ ಮುಂದಿನ ಸಾಲಿನಲ್ಲಿ ನಿಂತು ಹಾಡಿದರೆ ತಾನಾಗೇ ಗೊತ್ತಾಗುತ್ತದೆ. ನಾವು ಸಾಮಾನ್ಯವಾಗಿ ಓಲ್ಡ್ ಹಂಡ್ರೆಡ್ತ್ ತೆಗೆದುಕೊಳ್ಳುತ್ತೇವೆ. 1551ರ ಜಿನೀವಾ ಕೀರ್ತನೆ ಪುಸ್ತಕದ ರಾಗ ಅದು, ಸಾಲಿಗೆ ಎಂಟು ಅಕ್ಷರ, ಯಾವ ಭಾಷೆಯವರಿಗೂ ಪರಿಚಯ ಇರುತ್ತದೆ. ಕನ್ನಡದಲ್ಲಿ ಒಂದು ಸಲ, ಮರಾಠಿಯಲ್ಲಿ ಒಂದು ಸಲ. ಕನ್ನಡದಲ್ಲಿ ಸಾಲಿನ ಕೊನೆಯ ಪದ ಅ, ಉ ಥರದ ಸ್ವರಾಕ್ಷರದಲ್ಲೇ ಮುಗಿಯುವುದರಿಂದ ನಮ್ಮವರು ಅದನ್ನು ಎಳೆಯುತ್ತಾ ನಿಲ್ಲುತ್ತಾರೆ. ಉಸಿರು ತೆಗೆದುಕೊಳ್ಳಲಿ ಅಂತ ಒಂದು ಬೀಟ್ ಖಾಲಿ ಬಿಡಬೇಕು. ಆದರೆ ಬಿಟ್ಟ ಬೀಟ್ ಸರಿಯಾಗಿ ಒಂದೇ ಇರಬೇಕು. ಎಷ್ಟು ಸಮಯ ಬಿಡಬೇಕು ಅನ್ನುವ ಬಗ್ಗೆ ಹುಬ್ಬಳ್ಳಿ ಕಡೆಯವರಿಗೂ ಕರಾವಳಿಯವರಿಗೂ ಇವತ್ತಿಗೂ ಒಪ್ಪಂದ ಆಗಿಲ್ಲ.

ಸೆಕೆ ಏನು ಮಾಡುತ್ತದೆ ಅನ್ನುವುದನ್ನೂ ಹೀಗೇ ಕಂಡುಕೊಂಡೆವು. ಮೇ ತಿಂಗಳಲ್ಲಿ ಒಂದು ಚರ್ಚಿಗೆ ಹೋಗಿದ್ದೆವು. ಟ್ರಂಪೆಟ್ ಸ್ಟಾಪ್ ಎಳೆದ ಕೂಡಲೇ ಎಲ್ಲರ ಮುಖ ಹುಳ್ಳಗಾಯಿತು. ಶ್ರುತಿ ಕೆಳಗಿದೆ, ಕೆಟ್ಟುಹೋಗಿದೆ ಅಂತ ಒಬ್ಬರು ಅಂದರು. ಕೆಟ್ಟಿರಲಿಲ್ಲ. ಗಾಳಿ ಬಿಸಿಯಾದರೆ ಸಾಮಾನ್ಯ ಪೈಪುಗಳ ಶ್ರುತಿ ಏರುತ್ತದೆ, ಒಂದು ಡಿಗ್ರಿಗೆ ಸುಮಾರು 3 ಸೆಂಟ್. ನೂರು ಸೆಂಟ್ ಅಂದರೆ ಅರ್ಧ ಸ್ವರ. ಜನವರಿಗೂ ಮೇಗೂ 10 ಡಿಗ್ರಿ ವ್ಯತ್ಯಾಸ ಇದ್ದರೆ 30 ಸೆಂಟ್ ಆಯಿತು, ಅದು ಕಿವಿಗೆ ಚೆನ್ನಾಗಿಯೇ ಗೊತ್ತಾಗುತ್ತದೆ. ಟ್ರಂಪೆಟ್ ಥರದ ಪೈಪಿನಲ್ಲಿ ಸ್ವರ ಹುಟ್ಟಿಸುವುದು ಹಿತ್ತಾಳೆಯ ನಾಲಿಗೆ. ಅದು ಅಷ್ಟೊಂದು ಜಗ್ಗುವುದಿಲ್ಲ. ಉಳಿದದ್ದೆಲ್ಲ ಮೇಲೆ ಹೋಗಿದೆ, ಇದು ಇದ್ದಲ್ಲೇ ಇದೆ. ಸೆಕೆಗಾಲದಲ್ಲಿ ಆ ಸ್ಟಾಪ್ ಮುಟ್ಟದಿದ್ದರಾಯಿತು.

ಸಿಫರ್ ಅನ್ನುವ ಇನ್ನೊಂದು ಕಾಟ ಇದೆ. ಕೀಲಿ ಬಿಟ್ಟ ಮೇಲೂ ಪೈಪು ಕೂಗುತ್ತಲೇ ಇರುತ್ತದೆ. ತೇವಕ್ಕೆ ಊದಿದ ಮರ, ಕವಾಟದ ಬಾಯಲ್ಲಿ ಸಿಕ್ಕಿದ ಕಸ, ಹಳೆಯ ಚರ್ಮ, ಏನು ಬೇಕಾದರೂ ಕಾರಣ ಇರಬಹುದು. ಗಾಬರಿಯಿಂದ ಕೀಲಿಯನ್ನು ಕುಟ್ಟುವವರೇ ಜಾಸ್ತಿ. ಮೊದಲು ಸ್ಟಾಪ್‌ಗಳನ್ನು ಒಂದೊಂದೇ ಒಳಗೆ ತಳ್ಳಿ. ಯಾವುದನ್ನು ತಳ್ಳಿದಾಗ ಕೂಗು ನಿಲ್ಲುತ್ತದೋ ಅದನ್ನು ಬಿಟ್ಟು ಉಳಿದವುಗಳಲ್ಲಿ ಆರಾಧನೆ ಮುಗಿಸಬಹುದು. ರಿಪೇರಿ ಬಲ್ಲವರಿಗೆ ಬಿಟ್ಟ ವಿಷಯ. ಒಂದು ಕಡೆ ಫ್ಯಾನು, ಲೈಟು ನೋಡಿಕೊಳ್ಳುವವರನ್ನೇ ಕರೆಸಿ ಪೈಪು ಬಿಚ್ಚಿಸಿದ್ದರು. ಆಮೇಲೆ ಆ ಪೈಪುಗಳನ್ನು ಮತ್ತೆ ಜಾಗಕ್ಕೆ ಸೇರಿಸಲು ಯಾರಿಗೂ ಆಗಿಲ್ಲ. ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದನ್ನು ನೋಡಿ ಹೊಟ್ಟೆ ಉರಿಯಿತು.

ಊರು ಬಿಟ್ಟು ಹೋಗುವುದೂ ಉಂಟು. ಪುಣೆಗೆ ಬೆಳಗಿನ ಇಂದ್ರಾಯಣಿ ರೈಲಿನಲ್ಲಿ ಹೋಗಿ ಅದರಲ್ಲೇ ಸಂಜೆ ಬರಬಹುದು. ಅಲ್ಲಿನ ಸೇಂಟ್ ಮೇರೀಸ್ ಚರ್ಚನ್ನು 1825ರಲ್ಲಿ ಬಿಷಪ್ ಹೀಬರ್ ಪ್ರತಿಷ್ಠಾಪಿಸಿದರು. ಹಾಡು ಬರೆದ ಬಿಷಪ್ ಅವರು, ಹಾಗಾಗಿ ಅಲ್ಲಿ ಹೋಗಿ ಅವರ ಹಾಡು ಹಾಡದೆ ಬರಲು ನಮ್ಮವರು ಬಿಡಲಿಲ್ಲ. ಗೋವಾಕ್ಕೆ ಹೋಗಿದ್ದು ನುಡಿಸುವುದಕ್ಕಿಂತ ಮಾತು ಕೇಳುವುದಕ್ಕೆ. ಪೋರ್ಚುಗೀಸರ ಕಾಲದಿಂದ ಅಲ್ಲಿನ ಚರ್ಚ್ ಶಾಲೆಗಳಲ್ಲಿ ಸಂಗೀತದ ಮೇಷ್ಟ್ರುಗಳು ಮಕ್ಕಳಿಗೆ ಸ್ವರ ಓದಲು, ಪಿಟೀಲು ನುಡಿಸಲು ಕಲಿಸುತ್ತಿದ್ದರು. ಬಾಂಬೆಯ ಬ್ಯಾಂಡುಗಳಿಗೂ ಸಿನಿಮಾ ವಾದ್ಯಗೋಷ್ಠಿಗಳಿಗೂ ಅಷ್ಟೊಂದು ಗೋವಾದವರು ಬಂದಿದ್ದು ಆ ಪಾಠದ ಬಲದಿಂದ. ನಮ್ಮ ಅಂಕಲ್ ಕೂಡ ಹಾಗೆ ಕಲಿತ ಮನೆತನದವರೇ.

ಮಳೆಗಾಲದಲ್ಲಿ ಹೊರಗೆ ಹೋಗದೆ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ರೀಡ್ ಆರ್ಗನ್ ಬಿಚ್ಚಿ ನಾಲಿಗೆಗಳ ಧೂಳು ತೆಗೆಯುವುದು, ಹಾಡಿನ ಪುಸ್ತಕಗಳನ್ನು ಹೋಲಿಸಿ ಯಾವ ಹಾಡಿಗೆ ಯಾವ ರಾಗ ಹೊಂದುತ್ತದೆ ನೋಡುವುದು, ಚಾ, ಚಕ್ಕುಲಿ. ಹಾರ್ಮೋನಿಯಂ ವಿಷಯ ಬಂದರೆ ಮಾಸ್ತರು ಬಿಡುವುದಿಲ್ಲ. 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಅದನ್ನು ಹೊರಗಿಟ್ಟಿತು, 1971ರವರೆಗೆ ಆ ನಿಷೇಧ ಸಡಿಲವಾಗಲಿಲ್ಲ. 'ವಿದೇಶಿ ವಾದ್ಯ ಅಂದ್ರಂತ. ಪಿಟೀಲು ಯಾವ ಊರಿಂದ್ರೀ ಮತ್ತ?' ಅಂತ ಕೇಳುತ್ತಾರೆ. ಅದಕ್ಕೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇಲ್ಲ.

ಖರ್ಚು ಅಂಥದ್ದೇನಿಲ್ಲ. ಲೋಕಲ್ ಟಿಕೆಟ್, ಕಾಣಿಕೆ, ಮಾಟುಂಗಾದಲ್ಲಿ ಇಳಿದು ಉಡುಪಿ ಊಟ. ಹೊಸಬರಿಗೆ ಹೇಳುವುದು ಎರಡೇ. ಪೆಡಲ್ ನುಡಿಸಲು ತೆಳು ಅಟ್ಟೆಯ, ಚಿಕ್ಕ ಹಿಮ್ಮಡಿಯ ಶೂ ಚೀಲದಲ್ಲಿ ಬೇರೆ ತನ್ನಿ, ಬೀದಿಯ ಕೆಸರು ಮೆತ್ತಿದ ಶೂ ಹಾಕಿಕೊಂಡು ಪೆಡಲ್ ಮೇಲೆ ಕಾಲಿಡಬೇಡಿ. ಒಂದೇ ಹಾಡು ತಯಾರಿ ಮಾಡಿಕೊಂಡು ಬನ್ನಿ, ಅದು ನಿಮ್ಮ ಸಭೆ ಪ್ರತಿ ವಾರ ಹಾಡುವ ಹಾಡಾಗಿರಲಿ. ಬಾಖ್‌ನಂಥ ದೊಡ್ಡವರ ಆರ್ಗನ್ ಕೃತಿಗಳನ್ನು ಆಮೇಲೆ ನೋಡೋಣ.

ಸದ್ಯ ವಸೈ ಕಡೆಯ ಒಂದು ಚರ್ಚಿಗೆ ಪತ್ರ ಕೊಟ್ಟಿದ್ದೇವೆ. ಉತ್ತರ ಬಂದಿಲ್ಲ. ಅಂಕಲ್ ಬರುವ ಸೋಮವಾರ ತಾವೇ ಹೋಗಿ ಅಲ್ಲಿನ ಆರ್ಗನಿಸ್ಟರನ್ನು ಕಂಡು ಬರುತ್ತಾರಂತೆ.