ಪರದೇಶಕ್ಕೆ ಹೋಗುವ ಪ್ರಮಾಣಪತ್ರ: ಮೊಹರು ಎಲ್ಲಿ, ಯಾವ ಕ್ರಮದಲ್ಲಿ?

ದುಬೈಯಲ್ಲಿ ಕೆಲಸ ಸಿಕ್ಕಿತು, ಗಂಡನ ಹಿಂದೆ ಹೆಂಡತಿ ಮಸ್ಕತ್‌ಗೆ ಹೊರಟಳು, ಮಗನಿಗೆ ಇಟಲಿಯಲ್ಲಿ ಸೀಟಾಯಿತು. ಯಾವುದೇ ಇರಲಿ, ಅಲ್ಲಿಂದ ಬರುವ ಮೊದಲ ಮಾತು ಒಂದೇ: ‘ಸರ್ಟಿಫಿಕೇಟ್ ಅಟೆಸ್ಟ್ ಮಾಡಿಸಿ ತನ್ನಿ.’ ಮುಂಬೈ ಕಡೆ ಮಾಟುಂಗಾದಲ್ಲೋ ಡೊಂಬಿವಲಿಯಲ್ಲೋ ಇರುವ ನಮ್ಮ ಕನ್ನಡಿಗರು ಕೂಡಲೇ ಏಜೆಂಟರನ್ನು ಹುಡುಕುತ್ತಾರೆ. ಏಜೆಂಟರು ಬೇಡವೆಂದಲ್ಲ. ಕಾಗದ ಯಾವ ಕಚೇರಿಗಳನ್ನು ಹತ್ತಿಳಿಯಬೇಕು ಎಂಬುದು ನಮಗೂ ಗೊತ್ತಿದ್ದರೆ, ಅವರು ಹೇಳುವ ರೇಟು ನ್ಯಾಯವೋ ಸುಲಿಗೆಯೋ ತಿಳಿಯುತ್ತದೆ, ಅಷ್ಟೇ.

ಮೊದಲು ದೇಶ ಯಾವುದು ನೋಡಿ

1961ರ ಅಕ್ಟೋಬರ್ 5ರಂದು ಹೇಗ್ ನಗರದಲ್ಲಿ ಆದ ಒಪ್ಪಂದವೊಂದಿದೆ. ಅದಕ್ಕೆ ಸೇರಿದ ದೇಶಗಳು ಒಂದರ ಕಾಗದವನ್ನು ಇನ್ನೊಂದು ‘ಅಪೊಸ್ಟಿಲ್’ ಎಂಬ ಒಂದೇ ಮುದ್ರೆಯ ಮೇಲೆ ಒಪ್ಪಿಕೊಳ್ಳುತ್ತವೆ. ಭಾರತಕ್ಕೆ ಇದು 2005ರ ಜುಲೈಯಿಂದ ಅನ್ವಯ. ಅಮೆರಿಕ, ಬ್ರಿಟನ್, ಇಟಲಿ ಈ ಪಟ್ಟಿಯಲ್ಲಿವೆ. ಕೆನಡಾದಲ್ಲಿ ಒಪ್ಪಂದ ಜಾರಿಗೆ ಬಂದದ್ದು 2024ರ ಜನವರಿಯಲ್ಲಿ.

ಗಲ್ಫ್ ಅಂದರೆ ಎಲ್ಲ ಒಂದೇ ಎಂದು ತಿಳಿಯಬೇಡಿ. ಒಮಾನ್, ಬಹ್ರೇನ್ ಬಹಳ ಹಿಂದೆಯೇ ಸೇರಿವೆ. ಸೌದಿ ಅರೇಬಿಯಾದಲ್ಲಿ 2022ರ ಡಿಸೆಂಬರ್‌ನಿಂದ ಜಾರಿ. ಯುಎಇ, ಕತಾರ್, ಕುವೈತ್‌ಗಳಿಗೆ ಮಾತ್ರ ಹಳೆಯ ಉದ್ದದ ದಾರಿಯೇ. ವಿದೇಶಾಂಗ ಸಚಿವಾಲಯದ ಮೊಹರಿನ ಮೇಲೆ ಆ ದೇಶದ ರಾಯಭಾರ ಕಚೇರಿಯ ಮೊಹರೂ ಬೀಳಬೇಕು. ಇನ್ನು ಜರ್ಮನಿ: ಭಾರತ ಒಪ್ಪಂದಕ್ಕೆ ಸೇರಿದಾಗ ಅದು ಆಕ್ಷೇಪ ಎತ್ತಿತ್ತು. ಅಲ್ಲಿಗೆ ಹೋಗುವವರು ಅವರ ಕಾನ್ಸುಲೇಟನ್ನು ಕೇಳದೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ.

ಕಾಗದದ ತವರು ಯಾವುದು?

ಮುಂಬೈ ಕನ್ನಡಿಗರು ಎಡವುವುದು ಇಲ್ಲೇ. ನೀವು ಎಲ್ಲಿ ವಾಸವಾಗಿದ್ದೀರಿ ಎಂಬುದು ಲೆಕ್ಕಕ್ಕಿಲ್ಲ. ಕಾಗದ ಕೊಟ್ಟ ರಾಜ್ಯವೇ ಅದರ ಮೇಲಿನ ಸಹಿಯನ್ನು ಮೊದಲು ದೃಢೀಕರಿಸಬೇಕು.

ಹೋಟೆಲ್ ಕೆಲಸಕ್ಕೆ ಬಂದು, ಇಲ್ಲಿನ ರಾತ್ರಿಶಾಲೆಯಲ್ಲಿ ಎಸ್ಸೆಸ್ಸಿ ಮುಗಿಸಿ, ಆಮೇಲೆ ಊರಿಗೆ ಹೋಗಿ ಕುಂದಾಪುರದಲ್ಲಿ ಪಿಯುಸಿ, ಉಡುಪಿಯಲ್ಲಿ ಡಿಗ್ರಿ ಮಾಡಿದವರನ್ನು ನೆನೆಸಿಕೊಳ್ಳಿ. ಎಸ್ಸೆಸ್ಸಿಯದು ಮಹಾರಾಷ್ಟ್ರ ಬೋರ್ಡ್. ಅದರ ಮುಂಬೈ ವಿಭಾಗದ ಕಚೇರಿ ವಾಶಿಯಲ್ಲಿದೆ. ಪಿಯುಸಿ, ಡಿಗ್ರಿ ಎರಡೂ ಕರ್ನಾಟಕದ ಪಾಲು. ಮದುವೆ ಬಂಟ್ವಾಳದ ಛತ್ರದಲ್ಲಾಗಿ ಅಲ್ಲಿನ ಉಪನೋಂದಣಿ ಕಚೇರಿಯಲ್ಲಿ ದಾಖಲಾಗಿದ್ದರೆ ಅದೂ ಕರ್ನಾಟಕದ್ದೇ. ಮಗು ಹುಟ್ಟಿದ್ದು ಘಾಟ್‌ಕೋಪರ್‌ನಲ್ಲಾದರೆ ಜನನ ಪತ್ರ ಮುಂಬೈ ಮಹಾನಗರಪಾಲಿಕೆಯದು. ಒಂದೇ ಮನೆಯ ಫೈಲು, ಎರಡು ರಾಜ್ಯ. ಹಾಗಾಗಿ ಮೇಜಿನ ಮೇಲೆ ಎರಡು ಗುಡ್ಡೆ ಮಾಡಿಟ್ಟುಕೊಂಡೇ ಮುಂದಿನ ಕೆಲಸಕ್ಕೆ ಇಳಿಯಿರಿ.

ಅಂದಹಾಗೆ, ದಕ್ಷಿಣ ಕನ್ನಡದ ಹಿರಿಯರ ಡಿಗ್ರಿಯ ಮೇಲೆ ಮೈಸೂರು ವಿಶ್ವವಿದ್ಯಾಲಯದ ಮುದ್ರೆ ಇರುವುದನ್ನು ಕಂಡು ಇಲ್ಲಿನ ಕಚೇರಿಯವರು ಹುಬ್ಬೇರಿಸಿದರೆ ಗಾಬರಿ ಬೇಡ. ಮಂಗಳೂರು ವಿಶ್ವವಿದ್ಯಾಲಯ ಶುರುವಾದದ್ದೇ 1980ರಲ್ಲಿ.

ಹೆಸರಿನ ತಕರಾರು

ಊರಿನ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರು, ಅದರ ಹಿಂದೆಯೋ ಮುಂದೆಯೋ ಒಂದೆರಡು ಇನಿಶಿಯಲ್. ಮುಂಬೈಯ ಕಾಗದಗಳಲ್ಲಿ ಹಾಗಲ್ಲ: ತನ್ನ ಹೆಸರು, ನಡುವೆ ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು. ಮದುವೆಯಾದ ಹೆಂಗಸರಿಗೆ ಅಪ್ಪನ ಜಾಗದಲ್ಲಿ ಗಂಡ ಬಂದು ಕೂರುತ್ತಾನೆ. ಪಾಸ್‌ಪೋರ್ಟ್ ಇಲ್ಲಿ ಮಾಡಿಸಿದ್ದು, ಡಿಗ್ರಿ ಅಲ್ಲಿಯದು ಆದರೆ ಎರಡರಲ್ಲಿ ಇರುವವರು ಬೇರೆಬೇರೆ ಮನುಷ್ಯರಂತೆ ಕಾಣುತ್ತಾರೆ. ಪೂಜಾರಿ, ಶೆಟ್ಟಿಗಳ ಇಂಗ್ಲಿಷ್ ಸ್ಪೆಲ್ಲಿಂಗಿನ ಕೊನೆಯಲ್ಲಿ ‘ವೈ’ ಇದೆಯೋ ‘ಐ’ ಇದೆಯೋ ಎಂಬುದಂತೂ ಮುಗಿಯದ ಕಥೆ.

ಎರಡೂ ಹೆಸರು ಒಬ್ಬರದೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸುವುದು ಸಾಮಾನ್ಯ ಪರಿಹಾರ. ಇನಿಶಿಯಲ್ ಬಿಡಿಸಿ ಬರೆದಷ್ಟೇ ವ್ಯತ್ಯಾಸವಾದರೆ ಸಾಕಾಗಬಹುದು. ಹುಟ್ಟಿದ ದಿನಾಂಕವೇ ಬೇರೆಯಾಗಿದ್ದರೆ ಅಫಿಡವಿಟ್ ನೆಚ್ಚಿಕೊಳ್ಳಬೇಡಿ, ಮೂಲ ದಾಖಲೆಯನ್ನೇ ತಿದ್ದಿಸಿ. ಮೊಹರೆಲ್ಲ ಬಿದ್ದ ಮೇಲೆ ತಿದ್ದಿಸಿದರೆ ಮತ್ತೆ ಮೊದಲಿನಿಂದ ಓಡಾಟ.

ಇನ್ನೊಂದು: ಜೋಪಾನವಾಗಿರಲಿ ಎಂದು ಲ್ಯಾಮಿನೇಷನ್ ಮಾಡಿಸಿಟ್ಟ ಸರ್ಟಿಫಿಕೇಟು ನಡೆಯುವುದಿಲ್ಲ. ಮೊಹರು ಬೀಳುವುದು ಕಾಗದದ ಮೇಲೆ, ಪ್ಲಾಸ್ಟಿಕ್ಕಿನ ಮೇಲಲ್ಲ. ಕೈಬರಹದ ಹಳೆಯ ಜನನ ಪತ್ರವಿದ್ದರೆ ಕಂಪ್ಯೂಟರ್ ಪ್ರತಿ ತೆಗೆಸಿ.

ರಾಜ್ಯದ ಮೊಹರು

ಓದಿನ ಕಾಗದಗಳು ರಾಜ್ಯದ ಶಿಕ್ಷಣ ಇಲಾಖೆಗೆ, ಜನನ-ವಿವಾಹದಂಥವು ಗೃಹ ಅಥವಾ ಸಾಮಾನ್ಯ ಆಡಳಿತ ಇಲಾಖೆಗೆ. ಮಹಾರಾಷ್ಟ್ರದ ವೈಯಕ್ತಿಕ ಕಾಗದಗಳಿಗೆ ಮಂತ್ರಾಲಯ, ಅಂದರೆ ನರಿಮನ್ ಪಾಯಿಂಟ್. ಕರ್ನಾಟಕದವಕ್ಕೆ ಬೆಂಗಳೂರು. ಡಿಗ್ರಿಗೆ ಶಿಕ್ಷಣ ಇಲಾಖೆ ಮೊಹರು ಹಾಕುವ ಮುನ್ನ ವಿಶ್ವವಿದ್ಯಾಲಯದಿಂದ ವೆರಿಫಿಕೇಷನ್ ಕೇಳುವುದುಂಟು. ಅದಕ್ಕೆ ಹಿಡಿಯುವ ದಿನಗಳನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಏಜೆಂಟರು ‘ಬೇಗ ಆಗುತ್ತದೆ’ ಎಂದು ಎಸ್‌ಡಿಎಂ ದಾರಿ ತೋರಿಸುತ್ತಾರೆ. ರಾಜ್ಯದ ಇಲಾಖೆಯ ಬದಲು ಉಪವಿಭಾಗಾಧಿಕಾರಿಯ ಸಹಿ. ವಿದೇಶಾಂಗ ಸಚಿವಾಲಯ ಅದನ್ನೂ ಒಪ್ಪುತ್ತದೆ, ಅಕ್ರಮವೇನಲ್ಲ. ಆದರೆ ಕಾಗದ ತಲುಪುವ ಕಡೆ, ಅದರಲ್ಲೂ ಗಲ್ಫ್‌ನಲ್ಲಿ, ಡಿಗ್ರಿಯ ಮೇಲೆ ಶಿಕ್ಷಣ ಇಲಾಖೆಯ ಮೊಹರೇ ಬೇಕೆಂದು ಹಟ ಹಿಡಿದರೆ ಉಳಿಸಿದ ವಾರವೂ ಹೋಯಿತು, ದುಡ್ಡೂ ಹೋಯಿತು. ಕಂಪನಿಯ ಎಚ್‌ಆರ್‌ನಿಂದ ಯಾವ ಮೊಹರು ಬೇಕೆಂದು ಬರಹದಲ್ಲಿ ತರಿಸಿಕೊಂಡ ಮೇಲೆಯೇ ಏಜೆಂಟರ ಕೈಗೆ ಕಾಗದ ಕೊಡಿ.

ವಿದೇಶಾಂಗ ಸಚಿವಾಲಯ

ರಾಜ್ಯದ ಮೊಹರು ಬಿದ್ದ ಮೇಲೆ ಅಪೊಸ್ಟಿಲ್ ಆಗಲಿ, ಬರೀ ಮೊಹರಾಗಲಿ ಹಾಕುವುದು ಈ ಸಚಿವಾಲಯ. ಹಿಂದೆ ಇದಕ್ಕೆ ದೆಹಲಿಯೇ ಗತಿಯಾಗಿತ್ತು. 2019ರಿಂದ ಮುಂಬೈ, ಬೆಂಗಳೂರು ಸೇರಿ ಹಲವು ನಗರಗಳಲ್ಲಿ ಆಗುತ್ತದೆ. ಮುಂಬೈಯ ಕಚೇರಿ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ವಿದೇಶ್ ಭವನದಲ್ಲಿ. ನೇರ ಹೋಗಿ ಕೌಂಟರಿನಲ್ಲಿ ಕೊಡುವಂತಿಲ್ಲ. ಸಚಿವಾಲಯ ನೇಮಿಸಿದ ಏಜೆನ್ಸಿಗಳ ಮೂಲಕವೇ ಕೊಡಬೇಕು. ಅವುಗಳ ಹೆಸರು ಸಚಿವಾಲಯದ ವೆಬ್‌ಸೈಟಿನಲ್ಲಿದೆ, ಬೋರ್ಡು ಹಾಕಿಕೊಂಡವರೆಲ್ಲ ಅಧಿಕೃತರಲ್ಲ. ಅಪೊಸ್ಟಿಲ್‌ಗೆ ಸರ್ಕಾರದ ಶುಲ್ಕ ಒಂದು ಕಾಗದಕ್ಕೆ ₹50. ಏಜೆನ್ಸಿಯ ಸೇವಾಶುಲ್ಕ ಬೇರೆ. ಯಾರಾದರೂ ಸಾವಿರಗಟ್ಟಲೆ ಕೇಳಿದರೆ ಅದು ಓಡಾಟದ ಕೂಲಿ, ಸರ್ಕಾರದ ಫೀಸಲ್ಲ. ಬೆಂಗಳೂರಿನ ಗುಡ್ಡೆಯನ್ನು ಅಲ್ಲೇ ಎರಡೂ ಹಂತ ಮುಗಿಸಿಕೊಂಡು ಬರುವುದು ಜಾಣತನ.

ಕಾಗದ ವಾಪಸು ಬಂದಾಗ ಬೆನ್ನಿಗೆ ಚೌಕಾಕಾರದ ಸ್ಟಿಕ್ಕರ್ ಅಂಟಿಸಿರುತ್ತಾರೆ. ಅದರಲ್ಲಿ ಹತ್ತು ಅಂಶ: ದೇಶ, ಮೂಲ ಕಾಗದಕ್ಕೆ ಸಹಿ ಹಾಕಿದವರು, ಅವರ ಹುದ್ದೆ, ಯಾರ ಮುದ್ರೆ, ಆಮೇಲೆ ಊರು, ದಿನಾಂಕ, ದೃಢೀಕರಿಸಿದವರು, ಕ್ರಮಸಂಖ್ಯೆ, ಮೊಹರು, ಸಹಿ. ಆ ಸಂಖ್ಯೆಯನ್ನು ಆನ್‌ಲೈನಿನಲ್ಲಿ ಹಾಕಿ ಪರೀಕ್ಷಿಸಬಹುದು, ಮನೆಗೆ ಬಂದ ದಿನವೇ ನೋಡಿಬಿಡಿ. ಈ ಸ್ಟಿಕ್ಕರ್ ಸಹಿ ಅಸಲಿ ಎಂದಷ್ಟೇ ಹೇಳುತ್ತದೆ. ನಿಮ್ಮ ಡಿಗ್ರಿ ಅಲ್ಲಿನ ಡಿಗ್ರಿಗೆ ಸಮವೇ ಎಂಬುದು ಬೇರೆ ವಿಚಾರಣೆ.

ಯುಎಇಗೆ ಹೋಗುವವರಿಗೆ ಇನ್ನೂ ಎರಡು ಮೆಟ್ಟಿಲು: ಇಲ್ಲಿ ಅವರ ಕಾನ್ಸುಲೇಟಿನ ಮೊಹರು, ಅಲ್ಲಿ ಇಳಿದ ಮೇಲೆ ಅವರ ವಿದೇಶಾಂಗ ಸಚಿವಾಲಯದ್ದು.

ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನು ಪಾಸ್‌ಪೋರ್ಟ್ ಕಚೇರಿಯೇ ಕೊಡುವುದರಿಂದ ಅದಕ್ಕೆ ರಾಜ್ಯದ ಮೊಹರು ಬೇಡ. ಆದರೆ ಹಲವು ದೇಶಗಳು ಇತ್ತೀಚಿನದನ್ನೇ ಕೇಳುತ್ತವೆ, ಹಳತಾದರೆ ತಿರಸ್ಕರಿಸುತ್ತವೆ. ಡಿಗ್ರಿಯ ಕೆಲಸ ಶುರುವಾದ ದಿನವೇ ಇದಕ್ಕೂ ಅರ್ಜಿ ಹಾಕಿ ಕಪಾಟಿನಲ್ಲಿ ಇಡಬೇಡಿ. ಉಳಿದದ್ದೆಲ್ಲ ಕೈಗೆ ಬಂದ ಮೇಲೆ ಮಾಡಿಸಿ.