ಕುದಿಸಬೇಡಿ, ಮುಚ್ಚಿಡಿ: ಹೊಟ್ಟೆಗೂ ನಿದ್ದೆಗೂ ಒಗ್ಗುವ ಗಿಡಮೂಲಿಕೆ ಟೀ

ಗಿಡಮೂಲಿಕೆ ಟೀ ಮಾಡುವವರನ್ನು ಒಮ್ಮೆ ಪಕ್ಕದಲ್ಲಿ ನಿಂತು ನೋಡಿ. ಒಲೆಯ ಮೇಲೆ ನೀರು, ಅದರೊಳಗೆ ಹೂವು, ಎಲೆ, ಕಾಳು ಎಲ್ಲ ಒಟ್ಟಿಗೆ, ಗಳಗಳ ಕುದಿತ, ಮೇಲೆ ಮುಚ್ಚಳವಿಲ್ಲ. ಹತ್ತು ನಿಮಿಷದಲ್ಲಿ ಮನೆ ತುಂಬ ಘಮಘಮ. ‘ಆಹಾ, ಎಂಥ ಪರಿಮಳ’ ಎಂದು ಎಲ್ಲರಿಗೂ ಖುಷಿ. ಆ ಪರಿಮಳ ಇರಬೇಕಾಗಿದ್ದದ್ದು ಲೋಟದಲ್ಲಿ! ಕೊನೆಗೆ ಲೋಟಕ್ಕೆ ಬೀಳುವುದು ಕಹಿಯಾದ ಹಳದಿ ನೀರು. ಕಹಿ ಮರೆಸಲು ಎರಡು ಚಮಚ ಸಕ್ಕರೆ, ಆಮೇಲೆ ‘ಇದರಿಂದ ಏನೂ ಪ್ರಯೋಜನವಾಗಲಿಲ್ಲ’ ಎಂಬ ದೂರು.

ಈ ಟೀ ಮಾಡುವುದು ಕಷ್ಟವಲ್ಲ. ಕಾಳು ಜಜ್ಜುವುದು, ಮುಚ್ಚಿಡುವುದು, ಇವೆರಡು ಸರಿಯಾದರೆ ಮುಕ್ಕಾಲು ಪಾಲು ಕೆಲಸ ಮುಗಿದಂತೆ.

ಅದಕ್ಕೂ ಮೊದಲು, ನಿದ್ದೆ ಕೆಡಿಸುವ ಕೆಫೀನ್ ವಿಚಾರ. ‘ನಾನು ರಾತ್ರಿ ಗ್ರೀನ್ ಟೀ ಕುಡಿಯುತ್ತೇನೆ, ಅದರಲ್ಲಿ ಕೆಫೀನ್ ಇರುವುದಿಲ್ಲ’ ಎನ್ನುವವರು ಬೇಕಾದಷ್ಟು ಜನ. ಗ್ರೀನ್, ಬ್ಲ್ಯಾಕ್, ವೈಟ್, ಊಲಾಂಗ್ ಎಲ್ಲವೂ ಕಮೇಲಿಯಾ ಸೈನೆನ್ಸಿಸ್ ಎಂಬ ಒಂದೇ ಗಿಡದ ಎಲೆ. ಎಲ್ಲದರಲ್ಲೂ ಕೆಫೀನ್ ಉಂಟು. ‘ಡಿಕ್ಯಾಫ್’ (ಕೆಫೀನ್ ತೆಗೆದದ್ದು) ಎಂದು ಬರೆದಿದ್ದರಲ್ಲೂ ಚೂರು ಉಳಿದಿರುತ್ತದೆ. ದೇಹಕ್ಕೆ ಸೇರಿದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಕೆಲವರಲ್ಲಿ ಇನ್ನೂ ಹೆಚ್ಚು. ಆದ್ದರಿಂದ ‘ಹರ್ಬಲ್’ ಎಂಬ ದಪ್ಪ ಅಕ್ಷರ ನೋಡಿ ಪೊಟ್ಟಣ ಎತ್ತಿಕೊಳ್ಳಬೇಡಿ. ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಗ್ರೀನ್ ಟೀ, ಇಲ್ಲವೇ ಕೆಫೀನ್ ಇರುವ ಬೇರೆ ಗಿಡಗಳಾದ ಯೆರ್ಬಾ ಮಾಟೆ, ಗ್ವಾರಾನಾ, ಇವುಗಳಲ್ಲಿ ಯಾವುದು ಕಂಡರೂ ಅದು ಮಲಗುವ ಮುಂಚಿನ ಪಾನೀಯವಲ್ಲ.

ಹಂತ 1: ಸಾಮಾನು

ನಾಲ್ಕೇ ನಾಲ್ಕು ಸಾಕು. ಒಣಗಿದ ಕ್ಯಾಮೊಮೈಲ್ ಹೂವು 40 ಗ್ರಾಂ, ಒಣ ಪೆಪ್ಪರ್‌ಮಿಂಟ್ ಎಲೆ 20 ಗ್ರಾಂ, ಒಣ ನಿಂಬೆಹುಲ್ಲು 20 ಗ್ರಾಂ, ಸೋಂಪು (ಬಡೇಸೋಪು) 40 ಗ್ರಾಂ. ಇಷ್ಟರಲ್ಲಿ 40 ಲೋಟ ಆಗುತ್ತದೆ. ಹದಿನೈದು ಬಗೆಯ ಬೇರು ನಾರು ಸೇರಿಸಿದ ಮಿಶ್ರಣಗಳ ಬಗ್ಗೆ ನನಗೆ ಒಂದಿಷ್ಟೂ ಗೌರವವಿಲ್ಲ. ಲೋಟವೊಂದಕ್ಕೆ ಬೀಳುವ 3 ಗ್ರಾಂನಲ್ಲಿ ಹದಿನೈದು ಪಾಲು ಮಾಡಿದರೆ ಯಾವುದರ ಗುಣವೂ ನಾಲಿಗೆಗೂ ತಾಗದು, ಹೊಟ್ಟೆಗೂ ತಾಗದು.

ಕ್ಯಾಮೊಮೈಲ್ ಕೊಳ್ಳುವಾಗ ಇಡೀ ಹೂವು ಕೊಳ್ಳಿ. ನಡುವಿನ ಹಳದಿ ಗುಬುಟು ಒಡೆಯದೆ ಇರಬೇಕು, ಬೆರಳಲ್ಲಿ ಹಿಸುಕಿದರೆ ಸೇಬಿನಂಥ ವಾಸನೆ ಬರಬೇಕು. ಕಂದು ಪುಡಿ, ಕಡ್ಡಿಗಳೇ ತುಂಬಿದ ಪೊಟ್ಟಣ ಬೇಡ. ಟೀಬ್ಯಾಗ್‌ಗೆ ತುಂಬುವುದು ಹೆಚ್ಚಾಗಿ ಇಂಥ ಪುಡಿಯನ್ನೇ. ಎಲೆ ಹೂವು ನುಣ್ಣಗಾದಷ್ಟೂ ಅದರ ಎಣ್ಣೆಯಂಶ ಬೇಗ ಹಾರಿಹೋಗುತ್ತದೆ. ಕಳೆದುಹೋದ ಪರಿಮಳ ತುಂಬಲು ‘ಫ್ಲೇವರ್’ ಸಿಂಪಡಿಸಿದ್ದೂ ಉಂಟು. ಪೊಟ್ಟಣ ತೆರೆದ ಕೂಡಲೇ ಮಿಠಾಯಿಯಂತೆ ಮೂಗಿಗೆ ಹೊಡೆಯುವುದು ಅದೇ.

ಪೆಪ್ಪರ್‌ಮಿಂಟ್ ಬದಲು ಅಡುಗೆಯ ಪುದೀನ ಆಗದೇ? ರುಚಿಗೆ ಆಗುತ್ತದೆ. ಆದರೆ ಕರುಳಿನ ಸ್ನಾಯುಗಳ ಬಿಗಿತ ಸಡಿಲಿಸುವ ಮೆಂಥಾಲ್ ಯಥೇಚ್ಛವಾಗಿ ಇರುವುದು ಪೆಪ್ಪರ್‌ಮಿಂಟ್‌ನಲ್ಲಿ. ಅಡುಗೆಗೆ ಸಾಮಾನ್ಯವಾಗಿ ಬಳಸುವ ಪುದೀನದಲ್ಲಿ ಅದು ತೀರಾ ಕಡಿಮೆ.

ಹಂತ 2: ಬೆರೆಸುವುದು

ಹೂವು, ಎಲೆ, ಕತ್ತರಿಯಿಂದ ಬೆರಳಗಲ ಕತ್ತರಿಸಿದ ನಿಂಬೆಹುಲ್ಲು, ಮೂರನ್ನೂ ಅಗಲವಾದ ಒಣ ಪಾತ್ರೆಯಲ್ಲಿ ಕೈಯಿಂದ ಹಗುರವಾಗಿ ಬೆರೆಸಿ, ಡಬ್ಬಕ್ಕೆ ತುಂಬಿ. ಸೋಂಪು ಇದರೊಳಗೆ ಬೇಡ, ಬೇರೆ ಡಬ್ಬದಲ್ಲಿರಲಿ. ಒಟ್ಟಿಗೆ ಹಾಕಿದರೆ ಭಾರದ ಕಾಳೆಲ್ಲ ತಳಕ್ಕೆ ಇಳಿದು ಕೂರುತ್ತದೆ. ಮೊದಲ ವಾರ ಬರೀ ಹೂವಿನ ಟೀ, ಕೊನೆಯ ವಾರ ಬರೀ ಸೋಂಪಿನ ನೀರು.

ಹಂತ 3: ಸೋಂಪು ಜಜ್ಜುವುದು

ಲೋಟಕ್ಕೆ ಅರ್ಧ ಟೀ ಚಮಚ, ಅಂದರೆ ಸುಮಾರು 1 ಗ್ರಾಂ. ಸೋಂಪಿಗೆ ಆ ಸಿಹಿ ಘಮ ಕೊಡುವ ಅನೆಥಾಲ್ ಇರುವುದು ಕಾಳಿನ ಸಿಪ್ಪೆಯಡಿಯ ಸೂಕ್ಷ್ಮ ಕೊಳವೆಗಳಲ್ಲಿ. ಇಡೀ ಕಾಳನ್ನು ಬಿಸಿನೀರಿಗೆ ಹಾಕಿದರೆ ಆ ಕೊಳವೆ ತೆರೆಯುವುದೇ ಇಲ್ಲ. ಸೋಸಿದಾಗ ಹಾಕಿದ ಕಾಳು ಹಾಕಿದಂತೆಯೇ ಜರಡಿಯಲ್ಲಿ ಕುಳಿತಿರುತ್ತದೆ. ಕುಟ್ಟಾಣಿಯಲ್ಲಿ ನಾಲ್ಕೈದು ಪೆಟ್ಟು ಕೊಡಿ. ಕಾಳು ಬಿರಿದು ಎರಡು ಮೂರು ಚೂರಾದರೆ ಸಾಕು. ಮಿಕ್ಸಿ ಬೇಡ. ಪುಡಿಯಾದರೆ ಜರಡಿಯಿಂದ ಇಳಿದು ಬಾಯಿಗೆ ಮರಳಿನಂತೆ ಸಿಗುತ್ತದೆ. ‘ವಾರಕ್ಕಾಗುವಷ್ಟು ಒಮ್ಮೆಲೇ ಜಜ್ಜಿಡುತ್ತೇನೆ’ ಎನ್ನುವ ಜಾಣತನವೂ ಬೇಡ. ಜಜ್ಜಿದ ಗಳಿಗೆಯಿಂದಲೇ ಘಮ ಇಳಿಯಲು ಶುರು.

ಹಂತ 4: ನೀರು, ಮುಚ್ಚಳ, ಹೊತ್ತು

ಎಲ್ಲರೂ ಎಡವುವುದು ಇಲ್ಲೇ, ನಿಧಾನವಾಗಿ ಓದಿ.

ಗಟ್ಟಿ ಬೇರು, ತೊಗಟೆಗಳನ್ನು ಕುದಿಸಿಯೇ ಸಾರ ತೆಗೆಯಬೇಕು. ಅದು ಕಷಾಯ. ಹೂವು, ಎಲೆಗಳಿಗೆ ಆ ಶಿಕ್ಷೆ ಬೇಡ. ಬಿಸಿನೀರಲ್ಲಿ ನೆನೆದರೆ ಸಾಕು. ಕ್ಯಾಮೊಮೈಲ್, ಪೆಪ್ಪರ್‌ಮಿಂಟ್, ನಿಂಬೆಹುಲ್ಲು ಮೂರರ ಪರಿಮಳವೂ ಹಾರಿಹೋಗುವ ಎಣ್ಣೆಗಳಲ್ಲಿದೆ. ಕುದಿಸಿದರೆ ಅವು ಆವಿಯ ಜೊತೆ ಹೊರಟುಹೋಗುತ್ತವೆ, ಹಾರಿಹೋಗದ ಕಹಿಯಷ್ಟೇ ಹಿಂದುಳಿಯುತ್ತದೆ.

ಸೋಂಪಿಗೆ ಮಾತ್ರ ಹೂವಿಗಿಂತ ತುಸು ಹೆಚ್ಚು ಹೊತ್ತು ಬೇಕು. ಹಾಗಾಗಿ ಎರಡು ಸರದಿ ಮಾಡಿ. ಜಜ್ಜಿದ ಸೋಂಪನ್ನು ಮುಚ್ಚಳವಿರುವ ಪಿಂಗಾಣಿ ಅಥವಾ ಸ್ಟೀಲ್ ಪಾತ್ರೆಗೆ ಹಾಕಿ. ಅದರ ಮೇಲೆ ಆಗಷ್ಟೇ ಕುದಿದ 250 ಮಿಲಿ ನೀರು ಸುರಿದು ಮುಚ್ಚಿ. ಪಾತ್ರೆ ಒಲೆಯ ಮೇಲೆ ಇರಬಾರದು. 4 ನಿಮಿಷದ ನಂತರ ಮುಚ್ಚಳ ತೆರೆದು 2 ಗ್ರಾಂ ಹೂವಿನ ಮಿಶ್ರಣ ಹಾಕಿ, ಒಮ್ಮೆ ಚಮಚದಿಂದ ಮುಳುಗಿಸಿ ಮತ್ತೆ ಮುಚ್ಚಿ. ಅಷ್ಟು ಹೊತ್ತಿಗೆ ನೀರಿನ ಕುದಿ ತಣಿದು ಹೂವಿಗೆ ಹದವಾಗಿರುತ್ತದೆ. (2 ಗ್ರಾಂ ಎಂದರೆ ಎಷ್ಟು ಎಂದು ಒಮ್ಮೆ ತೂಕ ಮಾಡಿ ನಿಮ್ಮ ಚಮಚದಲ್ಲಿ ನೋಡಿಕೊಳ್ಳಿ. ಹೂವು ಹತ್ತಿಯಷ್ಟು ಹಗುರ, ‘ಒಂದು ಚಮಚ’ ಎಂಬ ಅಳತೆ ಕೈಯಿಂದ ಕೈಗೆ ಬದಲಾಗುತ್ತದೆ.)

ಇನ್ನು 6 ನಿಮಿಷ ಪಾತ್ರೆಯ ತಂಟೆಗೆ ಹೋಗಬೇಡಿ. ಆಗಾಗ ಮುಚ್ಚಳ ಎತ್ತಿ ಬಣ್ಣ ನೋಡುವ ಚಪಲ ಹಲವರಿಗೆ. ಬಣ್ಣ ಮೊದಲ ಎರಡು ನಿಮಿಷದಲ್ಲೇ ಬಂದಿರುತ್ತದೆ, ಅದನ್ನು ನೋಡಿ ‘ಆಯಿತು’ ಅಂದುಕೊಂಡರೆ ಮೋಸಹೋದಿರಿ. ಹೊತ್ತು ತುಂಬಿದ ಮೇಲೆ ಮುಚ್ಚಳವನ್ನು ಅಡ್ಡವಾಗಿ ಎಳೆಯಬೇಡಿ. ನೇರ ಮೇಲಕ್ಕೆತ್ತಿ, ಒಳಮೈಯಲ್ಲಿ ಮೂಡಿದ ಹನಿಗಳನ್ನು ಪಾತ್ರೆಯೊಳಕ್ಕೇ ಕೊಡವಿ. ಆ ಹನಿಗಳನ್ನು ಬೆರಳಿಗೆ ಒತ್ತಿ ಮೂಸಿ ನೋಡಿದರೆ ಇಷ್ಟೆಲ್ಲ ಯಾಕೆ ಹೇಳಿದೆ ಎಂದು ತಿಳಿಯುತ್ತದೆ: ಪೆಪ್ಪರ್‌ಮಿಂಟ್ ಅಲ್ಲೇ ಕೂತಿರುತ್ತದೆ.

6 ನಿಮಿಷವನ್ನು 15 ಮಾಡಿದರೆ ಗುಣ ಎರಡರಷ್ಟಾಗದು, ಕ್ಯಾಮೊಮೈಲ್ ಕಹಿಯಾಗುತ್ತದೆ, ಅಷ್ಟೆ. ಗಟ್ಟಿ ಟೀ ಬೇಕಿದ್ದವರು ಹೂವು ಹೆಚ್ಚು ಹಾಕಲಿ, ಹೊತ್ತು ಹೆಚ್ಚು ಮಾಡುವುದು ಬೇಡ.

ಸರಪಳಿಗೆ ನೇತುಹಾಕುವ ತೂತುಗಳ ಪುಟ್ಟ ಲೋಹದ ಗುಂಡು ನೋಡಲು ಚೆಂದ, ಕೆಲಸಕ್ಕೆ ಬಾರದು. ಒಣ ಹೂವು ನೀರು ಕುಡಿದು ಉಬ್ಬಿದಾಗ ಅದರೊಳಗೆ ಮಿಸುಕಾಡಲೂ ಜಾಗವಿಲ್ಲ, ಒಳಗಿನದು ಒಣಗಿಯೇ ಉಳಿಯುತ್ತದೆ. ಸಡಿಲವಾಗಿ ನೆನೆಯಲು ಬಿಟ್ಟು ಕೊನೆಗೆ ಸೋಸುವುದೇ ಸರಿ.

ಹಂತ 5: ಸೋಸಿ ಕುಡಿಯಿರಿ

ಸಕ್ಕರೆ ಬೇಡ, ಸೋಂಪಿನ ಸಿಹಿಯೇ ಸಾಕು. ಹಾಲಂತೂ ಖಂಡಿತ ಬೇಡ. ಸಿಹಿಗೆಂದು ಅತಿಮಧುರ ಸೇರಿಸುವ ಮಿಶ್ರಣಗಳು ಬಹಳ. ಅದರ ಬೇರಿನಲ್ಲಿರುವ ಗ್ಲಿಸಿರೈಝಿನ್ ದಿನವೂ ಹೊಟ್ಟೆಗೆ ಹೋದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ದಿನಬಳಕೆಯ ಟೀಯಲ್ಲಿ ಅದಕ್ಕೆ ಜಾಗ ಕೊಡಬೇಡಿ.

ಊಟ ಮುಗಿಸಿ ಒಂದು ಗಂಟೆ ಬಿಟ್ಟು ಕುಡಿದರೆ ಒಳ್ಳೆಯದು. ಪೆಪ್ಪರ್‌ಮಿಂಟ್, ಕ್ಯಾಮೊಮೈಲ್ ಎರಡೂ ಊಟದ ಕಬ್ಬಿಣಾಂಶ ಮೈಗೆ ಹಿಡಿಯುವುದನ್ನು ತಗ್ಗಿಸುತ್ತವೆ. ರಕ್ತಹೀನತೆ ಇರುವವರು ಈ ಅಂತರ ತಪ್ಪಿಸಬಾರದು. ಮಲಗುವ ಕ್ಷಣದಲ್ಲೇ ಲೋಟಗಟ್ಟಲೆ ಕುಡಿದರೆ ನಡುರಾತ್ರಿ ಬಚ್ಚಲಿಗೆ ಏಳುವುದು ಗ್ಯಾರಂಟಿ. ಇದು ನಿದ್ದೆಮಾತ್ರೆಯೂ ಅಲ್ಲ. ಉಬ್ಬರಿಸಿದ ಹೊಟ್ಟೆ ಹಗುರವಾಗಿ, ಮನಸ್ಸು ಒಂದಿಷ್ಟು ತಣ್ಣಗಾದರೆ ಅದು ತನ್ನ ಕೆಲಸ ಮಾಡಿತು ಎಂದೇ ಲೆಕ್ಕ.

ಯಾರಿಗೆ ಆಗದು?

ಎದೆಯುರಿ, ಹುಳಿತೇಗಿನ ಕಾಟ ಇರುವವರು ಪೆಪ್ಪರ್‌ಮಿಂಟ್ ಪೂರ್ತಿ ಬಿಟ್ಟು, ಅಷ್ಟೇ ತೂಕದ ನಿಂಬೆಹುಲ್ಲು ಸೇರಿಸಲಿ. ಮೆಂಥಾಲ್ ಜಠರದ ಮೇಲ್ಬಾಗಿಲ ಬಿಗಿತವನ್ನೂ ಸಡಿಲಿಸುವುದರಿಂದ ಆಮ್ಲ ಮೇಲಕ್ಕೆ ನುಗ್ಗುತ್ತದೆ. ಸೇವಂತಿಗೆ ಜಾತಿಯ ಹೂವುಗಳಿಗೆ ಅಲರ್ಜಿ ಇದ್ದವರಿಗೆ ಕ್ಯಾಮೊಮೈಲ್ ಆಗಿಬರುವುದಿಲ್ಲ, ಅದೂ ಅದೇ ಕುಟುಂಬದ್ದು. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಶುರುಮಾಡಬೇಡಿ. ಚಿಕ್ಕ ಮಕ್ಕಳಿಗೆ ಕೊಡುವುದೇ ಬೇಡ.

ಡಬ್ಬ ಗಾಳಿಯಾಡದಂತಿರಲಿ, ಬೆಳಕು ತಾಗದಿರಲಿ, ಒಲೆಯ ಮೇಲಿನ ಗೂಡಿನಲ್ಲಂತೂ ಇಡಬೇಡಿ. ಗಾಜಿನ ಭರಣಿಯಲ್ಲಿ ತುಂಬಿ ಕಿಟಕಿಯಲ್ಲಿ ಸಾಲಾಗಿ ಜೋಡಿಸುವುದು ಫೋಟೊಗೆ ಸರಿ. ತುಂಬಿದ ತಾರೀಕು ಡಬ್ಬದ ಮೇಲೆ ಬರೆದಿಡಿ. 6 ತಿಂಗಳೊಳಗೆ ಮುಗಿಸಿ. ಮುಗ್ಗಲು ವಾಸನೆ ಬಂದರೆ ಬಿಸಿಲಿಗೆ ಹಾಕಿ ಉಳಿಸಿಕೊಳ್ಳುವ ಪ್ರಯತ್ನ ಬೇಡ, ಹೊರಗೆ ಚೆಲ್ಲಿ.

ಸೋಸಿದ ಚರಟಕ್ಕೆ ಇನ್ನೊಮ್ಮೆ ನೀರು ಹಾಕಬಹುದೇ ಎಂದು ಕೇಳುವವರಿದ್ದಾರೆ. ಹಾಕಬಹುದು, ಬಿಸಿನೀರು ಕುಡಿದಂತಾಗುತ್ತದೆ. ಚರಟವನ್ನು ಗಿಡದ ಬುಡಕ್ಕೆ ಹಾಕಿ.