ಬ್ಲೂ ಪಿಲ್ ಬೋರ್ಡಿಗೆ ಯುಎಸ್‌ಬಿ ಸೇರಿಸುವುದು ಹೇಗೆ?

ಮಲೆನಾಡಿನ ಮಳೆಗಾಲದಲ್ಲಿ ಅಟ್ಟದ ಅಡಿಕೆ ಮೂಟೆಗಳ ಪಕ್ಕ ತೇವಾಂಶ ದಾಖಲಿಸುವ ಪುಟ್ಟ ಸಾಧನ ಇಟ್ಟಿದ್ದೀರಿ ಎನ್ನೋಣ. ಅದರ ಲೆಕ್ಕವನ್ನು ಲ್ಯಾಪ್‌ಟಾಪಿಗೆ ಇಳಿಸಲು ಬೇರೆ ಸೀರಿಯಲ್ ಕನ್ವರ್ಟರ್ ಬೇಕಿಲ್ಲ. ಅದರೊಳಗಿನ ಬ್ಲೂ ಪಿಲ್ ಎಂಬ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡಿನ ಎಸ್‌ಟಿಎಂ32ಎಫ್103 ಚಿಪ್ಪಿನಲ್ಲೇ ಯುಎಸ್‌ಬಿ ಇದೆ. ಪ್ರೋಟೋಕಾಲನ್ನು ಮೊದಲಿನಿಂದ ನೀವೇ ಬರೆಯುವುದು ಕಲಿಕೆಗೆ ಒಳ್ಳೆಯದು; ಕೆಲಸ ಆಗಬೇಕಿದ್ದರೆ ಉಚಿತವಾಗಿ ಸಿಗುವ ಟೈನಿಯುಎಸ್‌ಬಿ ಲೈಬ್ರರಿ ಸಾಕು.

ಕೋಡ್ ಮುಟ್ಟುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಚಿಪ್ಪಿನ ಪಿಎ11 ಪಿನ್ ಯುಎಸ್‌ಬಿಯ ಡಿ ಮೈನಸ್ ಡೇಟಾ ತಂತಿಗೆ, ಪಿಎ12 ಡಿ ಪ್ಲಸ್ ತಂತಿಗೆ. ಡಿ ಪ್ಲಸ್‌ನಿಂದ 3.3 ವೋಲ್ಟಿಗೆ 1.5 ಕಿಲೋಓಮ್ ರೆಸಿಸ್ಟರ್ ಇದ್ದರೆ ಮಾತ್ರ ಫುಲ್ ಸ್ಪೀಡ್ ಸಾಧನ ಬಂದಿದೆ ಎಂದು ಕಂಪ್ಯೂಟರಿಗೆ ತಿಳಿಯುವುದು. ಅಗ್ಗದ ಬೋರ್ಡುಗಳ ಆರ್10 ಜಾಗದಲ್ಲಿ 10 ಕಿಲೋಓಮ್ ಇರುವುದುಂಟು. ಒಂದು ಲ್ಯಾಪ್‌ಟಾಪ್ ಒಪ್ಪಿ ಇನ್ನೊಂದು ಒಪ್ಪದಿದ್ದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಪಿಎ12ರಿಂದ 3.3 ವೋಲ್ಟಿಗೆ 1.8 ಕಿಲೋಓಮ್ ಬೆಸೆದರೆ ಎರಡೂ ಸೇರಿ ಸುಮಾರು 1.5 ಆಗುತ್ತದೆ. ಚಾರ್ಜಿಂಗಿಗೆ ಮಾತ್ರ ಬರುವ ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಕನೆಕ್ಟರಿನಲ್ಲಿ ಹಸಿರು ಕಿಲುಬು ಕಂಡರೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ.

ಮುಂದೆ ಕ್ಲಾಕ್, ಅಂದರೆ ಚಿಪ್ಪಿನ ಕೆಲಸಕ್ಕೆ ತಾಳ ಹಾಕುವ ಮಿಡಿತ. ಯುಎಸ್‌ಬಿಗೆ 48 ಮೆಗಾಹರ್ಟ್ಸ್ ಬೇಕು, ತಪ್ಪು ಶೇ 0.25 ಮೀರುವಂತಿಲ್ಲ. ಚಿಪ್ಪಿನ ಒಳಗಿನ ಆರ್‌ಸಿ ಆಸಿಲೇಟರಿಗೆ ಅಷ್ಟು ನಿಖರತೆ ಇಲ್ಲ. ಹೊರಗಿನ 8 ಮೆಗಾಹರ್ಟ್ಸ್ ಕ್ರಿಸ್ಟಲ್ಲನ್ನು ಪಿಎಲ್‌ಎಲ್‌ನಲ್ಲಿ (ಮಿಡಿತದ ವೇಗ ಹೆಚ್ಚಿಸುವ ಸರ್ಕ್ಯೂಟ್) 9ರಿಂದ ಗುಣಿಸಿ 72 ಮಾಡಿ, ಯುಎಸ್‌ಬಿ ಭಾಜಕವನ್ನು 1.5ಕ್ಕೆ ಇಡಿ. ಈ ಚಿಪ್ಪಿನಲ್ಲಿ ಯುಎಸ್‌ಬಿ, ಕ್ಯಾನ್ (ವಾಹನಗಳಲ್ಲಿ ಬಳಸುವ ಸಂಪರ್ಕ ಜಾಲ) ಎರಡಕ್ಕೂ ಒಂದೇ 512 ಬೈಟ್ ಮೆಮೊರಿ. ಒಟ್ಟಿಗೆ ಎರಡನ್ನೂ ಬಳಸಲಾಗದು.

ಈಗ ಡಿಸ್ಕ್ರಿಪ್ಟರ್. ಸಾಧನ ತನ್ನ ಪರಿಚಯ ಹೇಳಿಕೊಳ್ಳುವುದು ಇದರಲ್ಲೇ. ತಪ್ಪುಗಳು ಹೆಚ್ಚು ಅಡಗುವುದೂ ಇಲ್ಲೇ. ಸೀರಿಯಲ್ ಪೋರ್ಟಾಗಿ ಕಾಣಿಸಲು ಸಿಡಿಸಿ ಕ್ಲಾಸ್ (ಯುಎಸ್‌ಬಿಯ ಸಂವಹನ ಸಾಧನಗಳ ವರ್ಗ) ಆರಿಸಿ. ವಿಂಡೋಸ್ 10ರಲ್ಲಿ ಬೇರೆ ಡ್ರೈವರ್ ಬೇಡ. ಡಿವೈಸ್ ಡಿಸ್ಕ್ರಿಪ್ಟರ್ 18 ಬೈಟ್. ಕಾನ್ಫಿಗರೇಷನ್ ಭಾಗ 9, ಸಿಡಿಸಿ ಭಾಗ 66, ಒಟ್ಟು 75 ಬೈಟ್. ಇಂಟರ್‌ಫೇಸ್ ಸೇರಿಸಿ ಈ ಮೊತ್ತ ತಿದ್ದಲು ಮರೆತರೆ ಕಂಪ್ಯೂಟರ್ ಅರ್ಧ ಓದಿ ಕೈಬಿಡುತ್ತದೆ. ವಿದ್ಯುತ್ತಿನ ಅಂಕಿ 2 ಮಿಲಿಆಂಪಿಯರ್ ಲೆಕ್ಕದಲ್ಲಿರುತ್ತದೆ: 100 ಬೇಕಿದ್ದರೆ ಆ ಬೈಟಿನಲ್ಲಿ 50 ಇರಬೇಕು. ಮಾರುವ ಉದ್ದೇಶವಿದ್ದರೆ ಬೇರೆಯವರ ವೆಂಡರ್ ಐಡಿ (ತಯಾರಕರ ಗುರುತಿನ ಸಂಖ್ಯೆ) ಎತ್ತಿಕೊಳ್ಳಬೇಡಿ.

ಯುಎಸ್‌ಬಿ ಇಂಟರಪ್ಟ್‌ಗಳು (ಚಿಪ್ಪಿನ ಗಮನ ಸೆಳೆಯುವ ಸೂಚನೆಗಳು) ಟೈನಿಯುಎಸ್‌ಬಿಯ ಟಿಯುಡಿ_ಇಂಟ್_ಹ್ಯಾಂಡ್ಲರ್ (tud_int_handler) ಫಂಕ್ಷನ್ನನ್ನು ಕರೆಯಬೇಕು. ಮುಖ್ಯ ಲೂಪಿನಲ್ಲಿ ಟಿಯುಡಿ_ಟಾಸ್ಕ್ (tud_task) ಬಿಡುವಿಲ್ಲದೆ ಓಡಬೇಕು. ಸೆನ್ಸರ್ ಓದಿಗಾಗಿ 2 ಸೆಕೆಂಡ್ ಡಿಲೇ ಹಾಕಿದಿರೋ, ಕಂಪ್ಯೂಟರ್ ಕೇಳಿದ್ದಕ್ಕೆ ಉತ್ತರವಿಲ್ಲ, ಸಂಪರ್ಕವೂ ಇಲ್ಲ. ಡಿಲೇ ಬದಲು ಟೈಮರ್ ನೋಡಿ. ಬ್ರೇಕ್‌ಪಾಯಿಂಟ್ ಹಾಕಿ ಹುಡುಕಿದರೂ ಇದೇ ಗತಿ. ದೋಷ ಪತ್ತೆಗೆ ಯುಆರ್ಟ್‌ನಲ್ಲಿ (ಚಿಪ್ಪಿನ ಸಾಮಾನ್ಯ ಸೀರಿಯಲ್ ಪೋರ್ಟ್) ಸಂದೇಶ ಕಳಿಸುವುದು ವಾಸಿ. ಬರೆದ ಮೇಲೆ ಫ್ಲಶ್ ಮಾಡದಿದ್ದರೆ 64 ಬೈಟ್ ತುಂಬದ ಸಾಲು ಬಫರಿನಲ್ಲೇ ಕೂತಿರುತ್ತದೆ.

ಲಿನಕ್ಸ್‌ನಲ್ಲಿ ಡಿಮೆಸೇಜ್ (dmesg) ಆಜ್ಞೆ ಕೊಟ್ಟು ವ್ಯವಸ್ಥೆಯ ಸಂದೇಶಗಳನ್ನು ನೋಡಿ. ಏನೂ ಕಾಣದಿದ್ದರೆ ಕೇಬಲ್ ಅಥವಾ ರೆಸಿಸ್ಟರ್. ‘ಎರರ್ -71’ ಬಂದರೆ ಕ್ಲಾಕ್, ಬೆಸುಗೆ, ಇಂಟರಪ್ಟ್ ಪರೀಕ್ಷಿಸಿ. ಎಲ್ಲ ಸರಿಯಾದರೆ ಟಿಟಿವೈಎಸಿಎಂ0 (ttyACM0) ಎಂಬ ಸೀರಿಯಲ್ ಪೋರ್ಟ್ ಬರುತ್ತದೆ.

ಕರೆಂಟ್ ಹೋಗುವ ಊರಲ್ಲಿ ಬ್ಯಾಟರಿ ಜೋಡಿಸುವುದು ಸಹಜ. ಆಗ ಲ್ಯಾಪ್‌ಟಾಪ್ ಆಫ್ ಆಗಿದ್ದರೂ ಡಿ ಪ್ಲಸ್ ಮೇಲೆ ವೋಲ್ಟೇಜ್ ಉಳಿಯುತ್ತದೆ; ಹಾಗಾಗಬಾರದು. ಆರ್10 ಮತ್ತು ಬೆಸೆದ ರೆಸಿಸ್ಟರ್ ಎರಡನ್ನೂ ತೆಗೆದು, ಖಾಲಿ ಪಿನ್ನೊಂದರಿಂದ ಪಿಎ12ಕ್ಕೆ 1.5 ಕಿಲೋಓಮ್ ಹಾಕಿ. ಯುಎಸ್‌ಬಿಯ 5 ವೋಲ್ಟನ್ನು 10 ಮತ್ತು 15 ಕಿಲೋಓಮ್ ವಿಭಾಜಕದಿಂದ 3 ವೋಲ್ಟಿಗೆ ಇಳಿಸಿ ಇನ್ನೊಂದು ಪಿನ್ನಿನಲ್ಲಿ ಓದಿ. ಅದು ಕಂಡಾಗ ಮಾತ್ರ ಕೋಡಿನಲ್ಲಿ ಮೊದಲ ಪಿನ್ನನ್ನು ಔಟ್‌ಪುಟ್ ಮಾಡಿ 3.3 ವೋಲ್ಟಿಗೆ ಏರಿಸಿ, ಉಳಿದ ಹೊತ್ತು ಅದನ್ನು ಇನ್‌ಪುಟ್ ಆಗಿ ಬಿಡಿ. ಹೊಸ ಫರ್ಮ್‌ವೇರ್ ಹಾಕಿದ ಮೇಲೆ ಕೇಬಲ್ ಕಿತ್ತು ಚುಚ್ಚುವ ಕೆಲಸವೂ ತಪ್ಪುತ್ತದೆ: ಆ ಪಿನ್ನನ್ನು ಒಮ್ಮೆ ಇನ್‌ಪುಟ್ ಮಾಡಿ ಮತ್ತೆ ಏರಿಸಿದರೆ ಕಂಪ್ಯೂಟರ್ ಸಾಧನವನ್ನು ಹೊಸದಾಗಿ ಗುರುತಿಸುತ್ತದೆ.